ಒಂದು ರಾತ್ರಿಗೆ ಒಂದು ಕ್ವಿಂಟಾಲ್ ತೊಗರಿ

“ಒಂದ್ ರಾತ್ರಿ ಮಲಗಲಾಕ ಎಷ್ಟು ಕೊಟ್ಟಿ ಮಾಸ್ತರ?”

ಬೆಂಗಳೂರಿಗೆ ಹೋಗಿ ಬಂದವನನ್ನು ಕಲಬುರಗಿ ಜಿಲ್ಲೆಯ ನಮ್ಮೂರು ಮಟಕಿಯಲ್ಲಿ ಒಬ್ಬೊಬ್ಬರು ಒಂದೊಂದು ಕೇಳುತ್ತಾರೆ. ಚಹಾದ ಅಂಗಡಿಯವನಿಗೆ ರಾಜಕಾರಣ ಬೇಕು, ಹುಡುಗರಿಗೆ ನೌಕರಿ ಸುದ್ದಿ ಬೇಕು. ಬಾಜೂಮನಿ ಕಾಕುಗೆ ಬೇಕಾದದ್ದು ರೇಟು. ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಒಂದು ಗ್ವಾಡಿ ಇದೆ. ಅದರ ಒಂದು ಮೂಲೆ ಯಾವುದೋ ಮಳೆಗಾಲದಲ್ಲಿ ಬಿತ್ತು. ಬಿದ್ದ ಕಲ್ಲುಗಳು ಆ ಕಡೆ ಅವರಿಗೊಂದು, ಈ ಕಡೆ ನನಗೊಂದು ಕೂಡುವ ಜಾಗ ಮಾಡಿಕೊಟ್ಟದ್ದರಿಂದ ರಿಪೇರಿ ಮಾತನ್ನು ಇಬ್ಬರೂ ಎತ್ತಿಲ್ಲ. ಕಾಕು ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು.

“ಏಳೂವರೆ ಸಾವಿರಕ್ಕ ಒಂದ್ ರೂಪಾಯಿ ಕಮ್ಮಿ,” ಎಂದೆ. “ನಾ ಕೊಟ್ಟಿಲ್ರಿ ಕಾಕು, ಮಗ ಕೊಟ್ಟಾನ.”

“ಯಾರ ಕೊಟ್ರೂ ಹೋಗಿದ್ದು ರೊಕ್ಕನೇ ಅಲ್ಲಪಾ. ಆ ಒಂದ್ ರೂಪಾಯಿ ಎದಕ್ಕ ಬಿಟ್ರು?”

ಅದಕ್ಕೂ ಕಾರಣವಿದೆ. ಹೋಟೆಲಿನ ಖೋಲಿ ದಿನಕ್ಕೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ ಶೇಕಡಾ 18. ದಾಟದಿದ್ದರೆ, 2025ರ ಸೆಪ್ಟೆಂಬರ್ 22ರಿಂದ ಈಚೆಗೆ ಬರೀ 5. ಹೀಗಾಗಿ ಎಂಟು ಸಾವಿರ ಕೇಳಬೇಕೆಂದಿದ್ದವನೂ ಗೆರೆಯ ಈಚೆಗೇ ಕಾಲು ಮಡಚಿಕೊಂಡು ಕೂಡುತ್ತಾನೆ. ಕಾಕು ತಲೆಯಾಡಿಸಿದರು. “ಅಂದ್ರ ಬಾಟಾ ಚಪ್ಪಲಿ ರೇಟ್ ಇದ್ದಂಗ. ಟ್ಯಾಕ್ಸ್ ಸೇರಿ ಎಷ್ಟಾತು?”

“7,874.”

ಮೊರದ ಸಪ್ಪಳ ನಿಂತಿತು. ಕಾಕು ಶಾಲೆಗೆ ಹೋದವರಲ್ಲ, ಆದರೆ ಅವರ ತಲೆಯಲ್ಲಿ ಎಲ್ಲ ಲೆಕ್ಕವೂ ತೊಗರಿಯಲ್ಲೇ ನಡೆಯುತ್ತದೆ. ಕೇಂದ್ರ ಸರ್ಕಾರ 2025–26ಕ್ಕೆ ತೊಗರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 8,000. “ಅಂದ್ರ ಒಂದ್ ರಾತ್ರಿ ಗೊರಕಿ ಹೊಡಿಲಾಕ ಒಂದ್ ಕ್ವಿಂಟಾಲ್ ತೊಗರಿ! ಅದೂ ಸರ್ಕಾರ ಹೇಳಿದ ರೇಟ್ ಸಿಕ್ರ. ಅಡತಿ ಅಂಗಡ್ಯಾಗ ಮಾರಿದ್ರ ಇನ್ನೊಂದ್ ಹತ್ತು ಸೇರು ಬೇಕು ನೋಡು.” ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ ಎಂದು ನಾನು ಶಾಲೆಯ ಹಳೇ ಚಟದಂತೆ ಮಾಹಿತಿ ಕೊಡಲು ಹೋದೆ. ಮುದ್ರೆ ಚೀಲದ ಮೇಲೋ ಕಾಳಿನ ಮೇಲೋ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು.

ಮಗ ಬುಕ್ ಮಾಡಿದ್ದು ಮಲ್ಲೇಶ್ವರಂನ ಅಡ್ಡರಸ್ತೆಯೊಂದರ ಬುಟಿಕ್ ಹೋಟೆಲು. ನಾನು ಹೋಗಿದ್ದ ಮದುವೆ ಅಲ್ಲೇ ಹತ್ತಿರದ ಛತ್ರದಲ್ಲಿತ್ತು, ಅವನ ಮನೆ ತುಂಬ ಬೀಗರು. “ಅಪ್ಪಾ, ಸಣ್ಣ ಹೋಟೆಲು, ಹತ್ತೇ ಖೋಲಿ, ಹಳೇ ಮನೆ, ನಡುಪೇಟೆ, ನಿಮಗೆ ಸೇರುತ್ತದೆ” ಎಂದಿದ್ದ. ಕಡಿಮೆ ಖೋಲಿ ಇದ್ದರೆ ಜಾಸ್ತಿ ದುಡ್ಡು ಯಾಕೆ ಎಂಬುದು ಕಾಕುವಿನ ಮುಂದಿನ ಪ್ರಶ್ನೆ. ಹಳ್ಳಿಯ ಲೆಕ್ಕದಲ್ಲಿ ಇದು ತಲೆಕೆಳಗು. ಹತ್ತು ಎಕರೆಯವನಿಗೆ ನೂರು ಎಕರೆಯವನಿಗಿಂತ ಹೆಚ್ಚು ಮರ್ಯಾದೆ ಎಂದ ಹಾಗೆ.

ಇಂಥ ಹೋಟೆಲಿಗೆ ಈ ಹೆಸರು ತಂದುಕೊಟ್ಟವರ ಕಥೆ ಹೇಳಿದೆ. ನ್ಯೂಯಾರ್ಕಿನಲ್ಲಿ ಸ್ಟೀವ್ ರುಬೆಲ್, ಇಯಾನ್ ಶ್ರೇಗರ್ ಎಂಬ ಇಬ್ಬರು ಗೆಳೆಯರಿದ್ದರು. ಸ್ಟುಡಿಯೋ 54 ಎಂಬ ರಾತ್ರಿ ಕ್ಲಬ್ಬು ನಡೆಸಿ ಲೋಕಪ್ರಸಿದ್ಧರಾದರು, ತೆರಿಗೆ ತಪ್ಪಿಸಿ ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಮ್ಯಾಡಿಸನ್ ಅವೆನ್ಯೂದಲ್ಲಿ ಮೋರ್ಗನ್ಸ್ ಎಂಬ ಹೋಟೆಲು ತೆರೆದರು. ಅದು 1984. ಉಳಿದ ಹೋಟೆಲುಗಳು ಎಲ್ಲ ಸಾಮಾನೂ ಸಿಗುವ ದೊಡ್ಡ ಮಳಿಗೆ, ನಮ್ಮದು ಬುಟಿಕ್, ಅಂದರೆ ಆರಿಸಿ ಇಟ್ಟ ಚಿಕ್ಕ ಅಂಗಡಿ ಎಂದು ರುಬೆಲ್ ಹೇಳಿಕೊಂಡ. ಆ ಮಾತು ಅಂಟಿಕೊಂಡಿತು. ಲಂಡನ್ನಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥವು ಅದಕ್ಕೂ ಮೊದಲೇ ಇದ್ದವು. ಹೆಸರು ಮಾತ್ರ ಇವರ ಬಾಯಿಂದ ಬಂತು.

ಕಾಕು ಪೂರಾ ಕೇಳಿಸಿಕೊಂಡು, “ಜೈಲಿನಾಗ ಸಣ್ಣ ಖೋಲ್ಯಾಗ ಮಲಗಿ ರೂಢಿ ಆಗಿತ್ತೇನೋ ಪಾಪ,” ಎಂದರು. ಹೋಟೆಲು ಉದ್ಯಮದ ಚರಿತ್ರೆ ಬರೆಯುವವರು ಈ ಕೋನದಿಂದ ನೋಡಿದಂತಿಲ್ಲ.

ರಾತ್ರಿ ಕಲಬುರಗಿಯಲ್ಲಿ ಸೊಲ್ಲಾಪುರ–ಹಾಸನ ಗಾಡಿ ಹತ್ತಿದರೆ ಬೆಳಗ್ಗೆ ಯಶವಂತಪುರ, ಅಲ್ಲಿಂದ ಮಲ್ಲೇಶ್ವರಂ ಕೂಗಳತೆ. ಇಳಿದು ಹೋದರೆ ಹೋಟೆಲಿನ ಹುಡುಗ ಕೈಗೆ ನಿಂಬೆ ಶರಬತ್ತು ಕೊಟ್ಟು, ಚೀಲ ಇಸಕೊಂಡು, ಖೋಲಿ ಮಾತ್ರ ಮಧ್ಯಾಹ್ನ ಎರಡಕ್ಕೆ ಎಂದ. ಬಿಡಬೇಕಾದ್ದು ಮರುದಿನ ಬೆಳಗ್ಗೆ ಹನ್ನೊಂದಕ್ಕೆ.

“ತಡಿ ತಡಿ,” ಎಂದರು ಕಾಕು. “ಎರಡಕ್ಕ ಬಂದು ಹನ್ನೊಂದಕ್ಕ ಹೋಗು ಅಂದ್ರ ಇಪ್ಪತ್ತೊಂದ್ ತಾಸಾತು. ಉಳದ ಮೂರ್ ತಾಸಿನ ರೊಕ್ಕ ವಾಪಸ್ ಕೊಟ್ರೇನು?”

ಮೆಜೆಸ್ಟಿಕ್ಕಿನ ಲಾಡ್ಜುಗಳಲ್ಲಿ ಈ ಅನ್ಯಾಯವಿಲ್ಲ. ನಮ್ಮ ಕಡೆಯವರೆಲ್ಲ ಮೊದಲಿನಿಂದಲೂ ಇಳಿಯುತ್ತಿದ್ದದ್ದು ಅಲ್ಲಿಯೇ, ಧರ್ಮಾಂಬುಧಿ ಕೆರೆ ಒಣಗಿದ ಜಾಗದಲ್ಲಿ ಎದ್ದ ಬಸ್ ನಿಲ್ದಾಣದ ಸುತ್ತ, ಗಾಂಧಿನಗರ, ಕಾಟನ್‌ಪೇಟೆಯ ಸಂದಿಗಳಲ್ಲಿ. ‘24 ತಾಸು ಚೆಕ್ ಔಟ್’ ಎಂಬ ಬೋರ್ಡು ನೋಡಿಯೇ ಒಳಗೆ ಕಾಲಿಡುವುದು. ನಸುಕಿನ ಐದಕ್ಕೆ ಹೋದರೆ ಮರುದಿನದ ಐದರ ತನಕ ಖೋಲಿ ನಿನ್ನದು. ತೂಕದಲ್ಲಿ ಮೋಸವಿಲ್ಲ. ಗೋಡೆಯ ಮೇಲೆ ಎಣ್ಣೆ ತಲೆಗಳ ಗುರುತು ಇರುತ್ತಿತ್ತು, ಬಕೀಟಿಗೆ ಹಿಡಿಕೆ ಇರುತ್ತಿರಲಿಲ್ಲ. ವಿಧಾನಸೌಧದಲ್ಲೊಂದು ಅರ್ಜಿ ಕೊಟ್ಟು, ರಾತ್ರಿ ಬಸ್ಸಿಗೆ ಹೊರಡುವವನಿಗೆ ಇನ್ನೇನು ಬೇಕು?

ಖೋಲಿ ಎರಡಕ್ಕೆ ಎಂದರಲ್ಲ, ಆ ಕಾರಣಕ್ಕೇ ನಾನು ಮಲ್ಲೇಶ್ವರಂ ನೋಡಿದ್ದು. ಮಲ್ಲೇಶ್ವರಂ ಹುಟ್ಟಿದ್ದೇ ಗದ್ದಲಕ್ಕೆ ಹೆದರಿ ಎಂದರೆ ಕಾಕು ನಂಬಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು. ಗಾಳಿ ಬೆಳಕು ಬರಲಿ, ಮನೆಗೂ ಮನೆಗೂ ನಡುವೆ ಅಂತರವಿರಲಿ ಎಂದು ಉತ್ತರಕ್ಕೆ ಮಲ್ಲೇಶ್ವರಂ, ದಕ್ಷಿಣಕ್ಕೆ ಬಸವನಗುಡಿ ಬಡಾವಣೆ ಮಾಡಿದರು. ಉದ್ದಕ್ಕೊಂದು ರಸ್ತೆ, ಅಡ್ಡಕ್ಕೊಂದು ರಸ್ತೆ, ಮನೆಗಳ ಬೆನ್ನಿಗೆ ಕಸದ ಗಾಡಿ ಬರಲು ಸಣ್ಣ ಸಂದಿ. ಊರ ಗದ್ದಲದಿಂದ ಓಡಿಬಂದವರು ಕಟ್ಟಿಕೊಂಡ ಆ ಬಡಾವಣೆಯನ್ನೇ ಈಗ ಹೋಟೆಲಿನವರು ‘ಗಿಜಿಗುಡುವ ನಡುಪೇಟೆ’ ಎಂದು ಪಟ ಹಾಕಿ ಮಾರುತ್ತಿದ್ದಾರೆ. ಹೆಸರು ಕೊಟ್ಟ ಕಾಡು ಮಲ್ಲೇಶ್ವರ ಅದಕ್ಕೂ ಹಳಬ. ಶಿವಾಜಿಯ ಮಲತಮ್ಮ ಏಕೋಜಿ ಆ ದೇವರಿಗೆ ದತ್ತಿ ಬಿಟ್ಟದ್ದು 1669ರಲ್ಲಿ. ಈಗ ಕಾಡು ಹೆಸರಿನಲ್ಲಷ್ಟೇ ಉಳಿದಿದೆ. ಅವನ ಗುಡಿಯ ಎದುರಿಗೇ 1997ರಲ್ಲಿ ಮಣ್ಣು ಅಗೆದಾಗ ಒಂದು ನಂದಿ, ಒಂದು ಕಲ್ಯಾಣಿ ಎದ್ದು ಬಂದವು. ಬೆಂಗಳೂರಿನಲ್ಲಿ ಅಗೆದರೆ ನೀರೂ ಸಿಗುತ್ತದೆ ಎಂಬುದಕ್ಕೆ ಅದೊಂದೇ ಸಾಕ್ಷಿ ಇರಬೇಕು.

ಬೆಳಗಿನ ಆರೂವರೆಗೆ ಆ ಅಡ್ಡರಸ್ತೆಯಲ್ಲಿ ನಿಂತೆ. ಪೇಪರು ಹುಡುಗರು ಫುಟ್‌ಪಾತಿನ ಮೇಲೆ ಕೂತು ಪುರವಣಿ ಸೇರಿಸುತ್ತಿದ್ದರು. ನಂದಿನಿ ಹಾಲಿನ ಕ್ರೇಟುಗಳು ದಡದಡ ಇಳಿಯುತ್ತಿದ್ದವು. ವಾಕಿಂಗಿಗೆ ಹೊರಟ ಮುದುಕರು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಒಬ್ಬರ ಸಕ್ಕರೆ ಕಾಯಿಲೆ ಇನ್ನೊಬ್ಬರಿಗೆ ಬಾಯಿಪಾಠ. ಸೊಪ್ಪಿನವಳು ಒಂದೇ ಉಸಿರಲ್ಲಿ ದಂಟು, ಪಾಲಕ್, ಸಬ್ಬಸಿಗೆ, ಮೆಂತ್ಯ ಎಂದು ಕೂಗುತ್ತ ಹೋದಳು. ಮಾಳಿಗೆಯ ಮೇಲಿಂದ ಒಬ್ಬಾಕೆ ಹಗ್ಗ ಕಟ್ಟಿದ ಬುಟ್ಟಿ ಬಿಟ್ಟರು. ಸೊಪ್ಪು ಮೇಲೆ ಹೋಯಿತು, ಚಿಲ್ಲರೆ ಕೆಳಗೆ ಬಂತು, ಮಾತು ಮಾತ್ರ ಎರಡೂ ಕಡೆ ಮುಗಿಯಲಿಲ್ಲ. ಎಂಟನೇ ಅಡ್ಡರಸ್ತೆಗೆ ಬಂದರೆ ಹೂವಿನವರು. ಮಾರ್ಗೋಸ ರಸ್ತೆಯಲ್ಲಿ ಸಿಟಿಆರ್ ಎಂದು ಎಲ್ಲರೂ ಕರೆಯುವ ಶ್ರೀ ಸಾಗರ್ ಮುಂದೆ ಬೆಣ್ಣೆ ಮಸಾಲೆಗೆ ಸರದಿ. ಒಳಗೆ ಉಣ್ಣುವವನ ಬೆನ್ನಿಗೆ ಮುಂದಿನವ ನಿಂತು ಅವನ ತಟ್ಟೆಯನ್ನೇ ನೋಡುತ್ತಿರುತ್ತಾನೆ. ನಮ್ಮಲ್ಲಿ ಹಾಗೆ ನೋಡಿದರೆ ಹೊಟ್ಟೆನೋವು ಬರುತ್ತದೆಂದು ದೃಷ್ಟಿ ತೆಗೆಯುತ್ತಾರೆ. ಅದೇ ರಸ್ತೆಯಲ್ಲಿ 1977ರಿಂದ ಇರುವ ವೀಣಾ ಸ್ಟೋರ್ಸಿನಲ್ಲಿ ಕುರ್ಚಿಯ ಮಾತೇ ಇಲ್ಲ, ಇಡ್ಲಿ ಕೈಯಲ್ಲಿ, ಜನ ಬೀದಿಯಲ್ಲಿ. ಸಿ.ವಿ. ರಾಮನ್ನರ ಪಂಚವಟಿ ಮನೆ ಇದೇ ಬಡಾವಣೆಯಲ್ಲಿ. ಪ್ರಕಾಶ್ ಪಡುಕೋಣೆ ಮದುವೆ ಇಲ್ಲದ ದಿನ ನೋಡಿ ಬ್ಯಾಡ್ಮಿಂಟನ್ ಆಡಿ ಬೆಳೆದ ಕೆನರಾ ಯೂನಿಯನ್ ಸಭಾಂಗಣವೂ ಇಲ್ಲೇ. ಮದುವೆ ಮನೆಯಲ್ಲಿ ಆಡಿ ಜಗತ್ತು ಗೆದ್ದವರು ಬೇರೆ ಯಾರೂ ಇರಲಿಕ್ಕಿಲ್ಲ.

“ಹಂಗಾದ್ರ ಎಲ್ಲಾ ರಸ್ತಾದಾಗೇ ಆತಲ್ಲ,” ಎಂದರು ಕಾಕು. “ಖೋಲ್ಯಾಗ ಏನಿತ್ತು?”

ಖೋಲಿಯಲ್ಲಿ ಮೊದಲು ಕಂಡದ್ದು ನೆಲ. ಹುಡುಗ ಬಾಗಿಲು ತೆಗೆದು, “ಸರ್, ಚಪ್ಪಲಿ ಬಿಟ್ಟು ನಡೆದು ನೋಡಿ, ನ್ಯಾಚುರಲ್ ಸ್ಟೋನ್” ಎಂದ. ನೋಡುವುದೇನು, ಶಹಾಬಾದ ಫರಶಿ! ನಮ್ಮ ಜಿಲ್ಲೆಯ ಶಹಾಬಾದಿನಲ್ಲಿ ಸುಣ್ಣಗಲ್ಲು ಪದರು ಪದರಾಗಿ ಏಳುತ್ತದೆ, ಉಳಿ ತಾಗಿಸಿದರೆ ಹಲಗೆ ಹಲಗೆಯಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಅದು ಅಗ್ಗ. ಕೊಟ್ಟಿಗೆಗೆ ಅದು, ಬಚ್ಚಲಿಗೆ ಅದು, ಬಸ್‌ಸ್ಟ್ಯಾಂಡಿಗೆ ಅದು. ಮನೆಯಲ್ಲಿ ನಾಲ್ಕು ದುಡ್ಡಾದ ಕೂಡಲೇ ಅದನ್ನು ಕಿತ್ತುಹಾಕಿ ಹೊಳೆಯುವ ಟೈಲ್ಸು ಹಾಕಿಸುವುದು ನಮ್ಮೂರಿನ ಏಳಿಗೆಯ ಗುರುತು. ಅಲ್ಲಿ ಅದಕ್ಕೆ ನುಣುಪು ಕೊಟ್ಟು, ಸಂದಿಗೆ ಹಿತ್ತಾಳೆ ಪಟ್ಟಿ ಇಟ್ಟಿದ್ದರು.

ಕಾಕು ನಕ್ಕರು, ಆದರೆ ಪೂರಾ ನಗಲಿಲ್ಲ. ಅವರ ಮಗ ಪುಣೆಯಲ್ಲಿ ಫರಶಿ ಕೆಲಸವೇ ಮಾಡುವುದು. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದಿಗೆ ಬಸ್ಸು ಹತ್ತುವವರಲ್ಲಿ ಗಾರೆ ಕೆಲಸದವರು, ಫರಶಿಯವರು ಬಹಳ. ಆತ ಅಲ್ಲಿ ಎಷ್ಟು ಹೋಟೆಲುಗಳಿಗೆ ನೆಲ ಹಾಕಿದ್ದಾನೋ. “ಎಲ್ಲಾ ಹೋಟೆಲ್‌ನ್ಯಾಗೂ ಎಲ್ಲರಕಿಂತ ಮೊದಲು ಮಲಗಾವ ನನ್ನ ಮಗ,” ಎಂದರು ಕಾಕು. “ಖಿಡಕಿಗಿ ಗಾಜು ಕೂಡಿಸೋದ್ರಾಗ ಫರಶಿ ಮ್ಯಾಲ ಚಾದರ ಹಾಸ್ಕೊಂಡು ಅವನೇ ಮಲಗ್ತಾನ. ಮಂಚ ಬಂದ್ ದಿನ ಇವರನ್ನ ಹೊರಗ ಕಳಸ್ತಾರ. ಬಾಡಿಗಿ ಇಲ್ಲ, ಟ್ಯಾಕ್ಸೂ ಇಲ್ಲ.”

ಇದಕ್ಕೆ ನಾನು ಏನೂ ಹೇಳಲಿಲ್ಲ. ಕಾಕುವೇ ಮಾತು ತಿರುಗಿಸಿ, ಹಾಸಿಗೆ ಹೇಗಿತ್ತು ಎಂದರು. ಹಾಸಿಗೆಯ ಕಾಲ್ದೆಸೆಗೆ ಒಂದು ಕೌದಿ ಮಡಚಿ ಇಟ್ಟಿದ್ದರು. ಹೊದೆಯಲಿಕ್ಕಲ್ಲ, ನೋಡಲಿಕ್ಕೆ. ಹೊದ್ದುಕೊಳ್ಳಲು ಬೇರೆ ಬಿಳೀ ರಜಾಯಿ ಇತ್ತು. ಮಂಚದ ಪಕ್ಕದ ಮೇಜಿನ ಮೇಲೆ ಒಂದು ಸಣ್ಣ ಡಬ್ಬಿ, ಅದರ ಮೇಲೊಂದು ಚೀಟಿ. ‘ನೀವು ನಗರದ ಜೀವಂತ ಪೇಟೆಯೊಂದರಲ್ಲಿ ತಂಗಿದ್ದೀರಿ; ನಿದ್ದೆ ಸೂಕ್ಷ್ಮವಾಗಿದ್ದರೆ ಇವು ನಿಮಗಾಗಿ’ ಎಂಬರ್ಥದ ಇಂಗ್ಲಿಷು. ತೆಗೆದು ನೋಡಿದರೆ ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆ.

“ಗದ್ಲ ಅದ ಅಂತ ಹೇಳಿ ರೊಕ್ಕ ತಗೊಂಡು, ಕಿವ್ಯಾಗ ತುರಕಲಾಕ ಹತ್ತೀನೂ ಕೊಟ್ರು?” ಕಾಕುಗೆ ನಗು ತಡೆಯಲಾಗಲಿಲ್ಲ. ಮೊರದಿಂದ ನಾಲ್ಕು ಕಾಳು ಗ್ವಾಡಿಯ ಈಚೆ ಬಂದವು.

ಆದರೂ ನನಗೆ ಆ ಹೋಟೆಲು ಸೇರಿತು, ಇದನ್ನು ಕಾಕು ಮುಂದೆ ಹೇಳುವುದೇ ಕಷ್ಟವಾಯಿತು. ಹಿಂದೊಮ್ಮೆ ಶಿಕ್ಷಕರ ತರಬೇತಿಯ ನೆಪದಲ್ಲಿ ದೊಡ್ಡ ಹೋಟೆಲಿನಲ್ಲಿ ಇಳಿದಿದ್ದೆ. ಅಲ್ಲಿ ಎಲ್ಲವೂ ಒಳಗೇ ಇತ್ತು. ಊಟ ಒಳಗೆ, ಕಟಿಂಗ್ ಒಳಗೆ, ಸೀರೆ ಅಂಗಡಿ ಒಳಗೆ, ಈಜುಕೊಳವೂ ಒಳಗೆ. ಹೊರಗೆ ಇದ್ದದ್ದು ಹೈದರಾಬಾದೋ ಬೆಂಗಳೂರೋ ದುಬೈಯೋ, ಯಾವುದಾದರೂ ನಡೆಯುತ್ತಿತ್ತು. ಕಾರು ನಿಲ್ಲುವಲ್ಲಿಂದ ಗೇಟಿಗೇ ಅರ್ಧ ಫರ್ಲಾಂಗು. ನಡೆದು ಹೊರಟರೆ ಕಾವಲಿನವನು ಅನುಮಾನದಿಂದ ನೋಡುತ್ತಿದ್ದ. ಮಲ್ಲೇಶ್ವರಂನ ಈ ಸಣ್ಣ ಹೋಟೆಲಿಗೆ ಬೆಳಗಿನ ನಾಷ್ಟಾ ಬಿಟ್ಟರೆ ಅಡಿಗೆಮನೆಯೇ ಇಲ್ಲ. ರಾತ್ರಿ ಊಟಕ್ಕೆ ಎಲ್ಲಿ ಎಂದರೆ ಹುಡುಗ ಬಾಗಿಲ ತನಕ ಬಂದು ಬಲಕ್ಕೆ ಕೈ ತೋರಿಸುತ್ತಾನೆ. ಗುಳಿಗೆ ಬೇಕೆಂದರೆ ಎಡಕ್ಕೆ. ತನ್ನ ಹತ್ತಿರ ಏನೂ ಇಲ್ಲದ್ದರಿಂದ ಅದು ನನ್ನನ್ನು ಹೊತ್ತುಹೊತ್ತಿಗೆ ಊರಿನ ಕೈಗೆ ಒಪ್ಪಿಸುತ್ತಿತ್ತು. ಎರಡನೇ ಸಲ ಕಾಫಿಗೆ ಹೋದಾಗ ಮೂಲೆಯ ಅಂಗಡಿಯವನು ಸಕ್ಕರೆ ಕಮ್ಮಿಯಲ್ಲವೇ ಎಂದ. ದೊಡ್ಡ ಹೋಟೆಲಿನಲ್ಲಿ ನನ್ನ ಹೆಸರು ಕಂಪ್ಯೂಟರಿಗೆ ಗೊತ್ತಿತ್ತು, ಸಕ್ಕರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಮಾತ್ರ ಕಸಿವಿಸಿ. ಮದುವೆಗೆ ಅಂಗಿ ಇಸ್ತ್ರಿ ಆಗಬೇಕಿತ್ತು. ಹೋಟೆಲಿನ ಪಟ್ಟಿಯಲ್ಲಿ ಒಂದು ಅಂಗಿಗೆ ತೊಂಬತ್ತು ರೂಪಾಯಿ. ಕೊಟ್ಟೆ. ಕಿಟಕಿಯಿಂದ ನೋಡಿದರೆ ಹುಡುಗ ನನ್ನ ಅಂಗಿಯನ್ನು ಎದುರಿನ ಹೊಂಗೆ ಮರದ ಕೆಳಗಿನ ಇಸ್ತ್ರಿ ಗಾಡಿಗೇ ಒಯ್ಯುತ್ತಿದ್ದಾನೆ. ಸಂಜೆ ಆ ಗಾಡಿಯವನ ಹತ್ತಿರ ಮಾತಿಗೆ ನಿಂತು ಕೇಳಿದೆ: ಹತ್ತು ರೂಪಾಯಿ. ಉಳಿದ ಎಂಬತ್ತು ರಸ್ತೆ ದಾಟಿದ್ದಕ್ಕೆ! ಹೋಟೆಲಿನ ಪಟದಲ್ಲಿ ಸೊಪ್ಪಿನವಳೂ ಇದ್ದಾಳೆ, ಹೂವಿನವನೂ ಇದ್ದಾನೆ, ಈ ಗಾಡಿಯೂ ಹಿಂದೆ ಮಸುಕಾಗಿ ಇದೆ. ಖೋಲಿಯ ಬಾಡಿಗೆಯಲ್ಲಿ ಅರ್ಧ ಇವರ ಗಳಿಕೆ ಎಂದರೆ ತಪ್ಪಿಲ್ಲ, ಅವರ ಕೈಗೆ ಹೋಗುವುದು ಹತ್ತು ರೂಪಾಯಿ. ಅವರಿದ್ದರೆ ಮಾತ್ರ ಪೇಟೆ ಜೀವಂತ. ಜಾಗದ ಬೆಲೆ ಏರಿದಂತೆ ಮೊದಲು ಏಳಬೇಕಾದವರೂ ಅಂಥವರೇ. ಸಂಪಿಗೆ ರಸ್ತೆಯಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನವೇ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು, ಇನ್ನು ಗಾಲಿಯ ಮೇಲಿನ ಇಸ್ತ್ರಿಯವನ ಪಾಡೇನು? ಒಂದು ದಿನ ಆ ಬೀದಿಯಲ್ಲಿ ಬರೀ ಇಂಥ ಹೋಟೆಲುಗಳೇ ಉಳಿದು, ಕಿವಿ ಬಿರಡೆಯ ಖರ್ಚು ಉಳಿಸಿಕೊಂಡಾವು.

“ನಮ್ಮ ಮಾವನವರು ಹೈದರಾಬಾದಿಗಿ ಹೋಗ್ತಿದ್ರು, ಹೊಲದ್ ಕೋರ್ಟಿಗಿ,” ಎಂದು ಕಾಕು ನಿಜಾಮರ ಕಾಲಕ್ಕೆ ಹೊರಟರು. “ನಾಂಪಲ್ಲಿ ಟೇಶನ್ ಬಾಜೂಕ ಸರಾಯಿ ಇತ್ತಂತ. ರೊಟ್ಟಿ ಗಂಟು, ಶೇಂಗಾ ಹಿಂಡಿ ಕಟ್ಕೊಂಡು ಹೋದ್ರ ವಾರಗಟ್ಲೆ ಅಲ್ಲೇ.” ಆ ಸರಾಯಿ ನನಗೂ ಗೊತ್ತು. ಏಳನೇ ನಿಜಾಮ ಉಸ್ಮಾನ್ ಅಲಿ ಖಾನರ ಕಾಲದಲ್ಲಿ 1919ರಲ್ಲಿ ಕಟ್ಟಿದ ಕಲ್ಲಿನ ಕಟ್ಟಡ. ಆಗ ನಮಗೆ ರಾಜಧಾನಿ ಬೆಂಗಳೂರಲ್ಲ, ಹೈದರಾಬಾದು; 1956ರ ನವೆಂಬರ್ ಒಂದರ ತನಕ ಕಲಬುರಗಿಯ ದಾರಿಯೆಲ್ಲ ಆ ಕಡೆಗೇ. ರೈಲು ಇಳಿದವನು ನಡೆದು ಹೋಗಿ ಚೀಲ ಇಡುವಷ್ಟು ಹತ್ತಿರ ಜಾಗ ಇರಬೇಕು ಎಂದು ಯಾರೋ ಯೋಚಿಸಿದ್ದರು.

“ಸರಾಯಿ ಬಿಡು,” ಎಂದರು ಮತ್ತೆ ಅವರೇ. “ಗಾಣಗಾಪುರದಾಗ ಊರಿಗೂರೇ ಹೋಟೆಲು.”

ಇದು ಖರೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಕಾಕು ಹುಣ್ಣಿಮೆ ತಪ್ಪಿಸುವವರಲ್ಲ. ನಮ್ಮ ಆಳಂದ ತಾಲ್ಲೂಕಿನಿಂದ ಹರಿದು ಹೋಗುವ ಅಮರ್ಜಾ ಅಲ್ಲಿ ಭೀಮೆಗೆ ಸೇರುತ್ತದೆ. ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗೆಂದು ಮಹಾರಾಷ್ಟ್ರದಿಂದ ಬಸ್ಸು ತುಂಬಿ ಬರುವವರು, ಗುರುಚರಿತ್ರೆ ಪಾರಾಯಣಕ್ಕೆ ವಾರ ನಿಲ್ಲುವವರು. ಲಾಡ್ಜು, ಭಕ್ತನಿವಾಸ ಎಲ್ಲ ಈಚಿನವು. ಮೊದಲಿನಿಂದ ಜನ ಇಳಿಯುತ್ತಿದ್ದ ಜಾಗ ಪೂಜಾರಿಗಳ ಮನೆಯ ಪಡಸಾಲೆ. ಮಧ್ಯಾಹ್ನವಾದರೆ ಸೊಲ್ಲಾಪುರದ ಸಾಹುಕಾರನೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡಲೇಬೇಕು. ದತ್ತ ದಿನಾಲೂ ಆ ಹೊತ್ತಿಗೆ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಹೀಗಾಗಿ ನೀಡುವವನೂ ಬೇಡುವವನೂ ಎದುರಿನವನ ಮುಖವನ್ನು ಸ್ವಲ್ಪ ಜಾಸ್ತಿಯೇ ನೋಡುತ್ತಾರೆ. ಯಾವ ಹೋಟೆಲಿನ ಮ್ಯಾನೇಜರನಿಗೂ ಇಂಥ ತರಬೇತಿ ಕೊಡಲಾಗುವುದಿಲ್ಲ.

“ಅಲ್ಲಿ ಆಧಾರ್ ಕೇಳಲ್ಲ, ನಿನ್ನ ಹೋಟೆಲ್‌ನ್ಯಾಗ ಮೊದಲು ಕೇಳಿದ್ದು ಅದನ್ನೇ ಅಲ್ಲೇನು?” ಎಂದು ಕಾಕು ಗೆದ್ದವರಂತೆ ನೋಡಿದರು.

ಇಲ್ಲಿ ನಾನೂ ಸುಮ್ಮನಿರಲಿಲ್ಲ. “ಆಧಾರ್ ಕೇಳಲ್ರಿ ಖರೆ. ಜಾತಿ ಕೇಳ್ತಿದ್ದಿಲ್ಲೇನು?” ಎಂದೆ. ಪಡಸಾಲೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕೆಲವರಿಗೆ ಪಡಸಾಲೆ, ಕೆಲವರಿಗೆ ಕಟ್ಟೆ, ಕೆಲವರಿಗೆ ಹೊಳೆದಂಡೆ. ಬೆಂಗಳೂರಿನಲ್ಲಿ ಇವತ್ತು ಎಂಟಿಆರ್ ಎಂದು ಎಲ್ಲರೂ ಸರದಿ ನಿಲ್ಲುವ ಜಾಗ 1924ರಲ್ಲಿ ಶುರುವಾದದ್ದು ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಲ್ಲಿ. ಆಗಿನ ಎಷ್ಟೋ ಹೋಟೆಲುಗಳಲ್ಲಿ ಒಳಗಿನ ಪಂಕ್ತಿ ಬೇರೆ, ಹೊರಗಿನದು ಬೇರೆ. ಮಲ್ಲೇಶ್ವರಂನ ಹುಡುಗ ನನ್ನ ಆಧಾರ್ ಕಾರ್ಡು ನೋಡಿದ, ಮನೆತನ ಕೇಳಲಿಲ್ಲ. ಏಳೂವರೆ ಸಾವಿರ ಎಂಬುದೇ ಒಂದು ಜಾತಿ ಎನ್ನಬಹುದು. ಆದರೆ ಅದು ಹುಟ್ಟಿನಿಂದ ಬಂದದ್ದಲ್ಲ, ಮಗನಿಗೆ ನೌಕರಿ ಸಿಕ್ಕರೆ ಬದಲಾಗುತ್ತದೆ.

ಕಾಕು ಹೊಟ್ಟು ಊದಿದರು. ಸೋಲುವ ಪೈಕಿ ಅಲ್ಲ. “ನಮ್ಮ ಜೇವರ್ಗಿ ಕಡಿ ಅರಳಗುಂಡಗಿ ಶರಣಬಸಪ್ಪ ಯಾರ್ ಜಾತಿ ಕೇಳಿದ್ದ? ಹೊಲಕ್ಕ ಬಂದ್ ಹಕ್ಕಿಗೂ ಉಣ್ಣು ಅಂದಾವ ಅಂವ. ನೀ ಬೇಕಾದ್ದನ್ನ ಬಿಟ್ಟು ಬ್ಯಾಡಾದ್ದನ್ನೇ ಲೆಕ್ಕಾ ಹಿಡೀತಿ.” ಒಪ್ಪಲೇಬೇಕಾಯಿತು. ಶರಣಬಸವೇಶ್ವರರು (1746–1822) ಕಲಬುರಗಿಗೆ ಬರುವ ಮೊದಲು ಅರಳಗುಂಡಗಿಯ ತಮ್ಮ ಮನೆಯಲ್ಲೇ ದಾಸೋಹ ನಡೆಸಿದವರು. ಮನೆಯವರಿಗೆ ಅದೇ ಜಗಳದ ಮೂಲವೂ ಆಯಿತೆಂದು ಹೇಳುತ್ತಾರೆ. ಬಂದವರಿಗೆಲ್ಲ ಬಾಗಿಲು ತೆರೆದಿಟ್ಟವನ ಮನೆಯೊಳಗಿನ ಕಷ್ಟವನ್ನು ಯಾರೂ ಪುರಾಣದಲ್ಲಿ ಹೆಚ್ಚು ವಿವರಿಸುವುದಿಲ್ಲ. ಹೋಟೆಲಿನವರು ಬಾಡಿಗೆ ತಗೊಳ್ಳುವುದು ಆ ಜಗಳ ತಪ್ಪಿಸಲಿಕ್ಕೇ ಇರಬೇಕು.

ಮಾತು ಇಲ್ಲಿಂದ ಎಲ್ಲೆಲ್ಲೋ ಹೋಗಿ ಕಾಕುವಿನ ವಾಡೆಗೆ ಬಂದು ನಿಂತಿತು. ಅವರ ಮನೆ ಹಳೇ ವಾಡೆ. ಆನೆ ಹೋಗುವಂಥ ದರವಾಜಾ, ಎರಡು ಮೊಳ ದಪ್ಪದ ಗೋಡೆ, ಬೇಸಿಗೆಯಲ್ಲೂ ಥಂಡಿ. ನಾಲ್ಕು ಅಂಕಣ ಬಿದ್ದು, ಎರಡು ಖೋಲಿ ಗಟ್ಟಿಯಾಗಿ ನಿಂತಿವೆ. ಕಲಬುರಗಿಯಲ್ಲೂ ಬ್ರಹ್ಮಪುರ, ಶಹಾಬಜಾರಿನ ಹಳೇ ಮನೆಗಳು ಒಂದೊಂದಾಗಿ ಉರುಳಿ ಸಿಮೆಂಟಿನವು ಏಳುತ್ತಿವೆ. ಹೊಸ ಲಾಡ್ಜುಗಳೆಲ್ಲ ಸ್ಟೇಷನ್ ರಸ್ತೆ, ಸೂಪರ್ ಮಾರ್ಕೆಟ್ ಕಡೆ ಗಾಜು ಹಚ್ಚಿಕೊಂಡು ನಿಂತಿವೆ, ನಮ್ಮ ಬಿಸಿಲಿಗೆ ಗಾಜು! ಯಾರಾದರೂ ಪುಣ್ಯಾತ್ಮರು ಒಂದು ವಾಡೆ ಉಳಿಸಿ ನಾಲ್ಕು ಖೋಲಿ ಮಾಡಿದ್ದರೆ ಬಂದೇನವಾಜ್ ದರ್ಗಾಕ್ಕೆ ಬಂದವರು, ಶರಣಬಸಪ್ಪನ ಜಾತ್ರೆಗೆ ಬಂದವರು ಇಳಿಯುತ್ತಿದ್ದರು. ಇದನ್ನು ಹೇಳುತ್ತಿದ್ದ ಹಾಗೆ ಕಾಕು ಕಣ್ಣು ಸಣ್ಣ ಮಾಡಿದರು. ಪುಣೆಯಿಂದ ಮಗನೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದಾನಂತೆ: ಅವ್ವಾ, ಫರಶಿ ಕೀಳಬ್ಯಾಡ, ನಾ ಬಂದು ಪಾಲಿಶ್ ಹೊಡಿತೀನಿ.

“ಮಟಕಿಗಿ ಯಾರ್ ಬರ್ತಾರ್ರಿ ಕಾಕು? ಜೀವಂತ ಪೇಟಿ ಬೇಕಲ್ಲ ಅವರಿಗಿ?”

“ಯಾಕ, ನಾವೆಲ್ಲ ಸತ್ತೀವೇನು?” ಎಂದು ಬೆರಳು ಮಡಚಿದರು. ನಸುಕಿನ್ಯಾಗ ಆಳಂದ ಬಸ್ಸಿನ ಹಾರ್ನು. ಅದರ ಬೆನ್ನಿಗೆ ಮಸೀದಿ ಮೈಕು, ಗುಡಿ ಮೈಕು. ಹಿಟ್ಟಿನ ಗಿರಣಿ. ಟ್ರ್ಯಾಕ್ಟರಿನವನ ಮರಾಠಿ ಹಾಡು. ಎಮ್ಮೆ. ಎಮ್ಮೆಯ ಹಿಂದೆ ಬೈಗುಳ. “ನಿನ್ನ ಮಲ್ಲೇಶ್ವರದಾಗ ಎಮ್ಮಿ ಅದಾವೇನು?”

ಇಲ್ಲ ಎಂದೆ. ಆದರೆ ಬರುವವರಿಗೆ ಖೋಲಿಗೆ ಹತ್ತಿಕೊಂಡೇ ಬಚ್ಚಲು ಬೇಕು, ಬಿಸಿನೀರಿನ ಗೀಜರು ಬೇಕು, ಕರೆಂಟು ಹೋದರೆ ಇನ್ವರ್ಟರು ಬೇಕು, ಎಲ್ಲಕ್ಕಿಂತ ಮೊದಲು ವೈಫೈ ಬೇಕು ಎಂದು ಪಟ್ಟಿ ಕೊಟ್ಟೆ. ಬಚ್ಚಲಿನ ಮಾತಿಗೆ ಮಾತ್ರ ಕಾಕು ಸ್ವಲ್ಪ ಹೊತ್ತು ಗಂಭೀರರಾದರು. ಬಿದ್ದ ಅಂಕಣದ ಕಲ್ಲಿನಲ್ಲಿ ಎರಡು ಬಚ್ಚಲು ಏಳುತ್ತವೆಂದು ಮನಸ್ಸಿನಲ್ಲೇ ಅಳೆದರು. ಗೀಜರಿಗೆ ಹಂಡೆ ಇದೆ. ವೈಫೈ ಪಂಚಾಯತಿಯವರ ಹತ್ತಿರ ಕೇಳಬೇಕು.

“ಚೆಕ್ ಔಟ್ ಎಷ್ಟಕ್ಕ ಇಡ್ತೀರಿ?”

“ಅವರ ಊರಿನ ಬಸ್ ಬಂದಾಗ,” ಎಂದು ಕಾಕು ಮೊರ ಝಾಡಿಸಿ ಎದ್ದರು. “ಬರಲಿಲ್ಲಂದ್ರ ಮತ್ತೊಂದ್ ದಿನ ಇರ್ಲಿ, ಅದಕ್ಕ ರೊಕ್ಕ ಬ್ಯಾಡ. ಆದ್ರ ಒಂದ್ ಮಾತು ಮಾಸ್ತರ, ನಾಷ್ಟಾಕ್ಕ ಸೂಸ್ಲಾ, ಮಿರ್ಚಿ ಭಜ್ಜಿ ನಿಮ್ಮ ಮನ್ಯಾಗ ಮಾಡ್ಬೇಕು. ಕೇಳಿದ್ರ ನಾ ಬಾಗಲಾ ತನಾ ಬಂದು ಈ ಕಡಿಗಿ ಕೈ ತೋರಸ್ತೀನಿ.”